ಎಂಟನೆಯ ಗಂಟು

ಹೆತ್ತೂರು ದಾಟಿ, ಕೊನೆಯ ಬಸ್ಸು ಹಿಂದಕ್ಕೆ ತಿರುಗುವ ಬಯಲಲ್ಲಿ
ಸಿಂಗ್ರಯ್ಯ ಬೀಡಿ ಆರಿಸಿ ಎದ್ದ.
"ಕಾಲ ಬುಡ ನೋಡಬ್ಯಾಡಿ, ಹತ್ತು ಮಾರು ಮುಂದೆ ನೋಡಿ."

ನೋಡಿದೆ. ಬರೀ ಹುಲ್ಲು. ಗಾಳಿ ಬಾಚಿದ ಹುಲ್ಲು.
ಕಣ್ಣು ಕಿರಿದು ಮಾಡಿದೆ:
ಬೈತಲೆಯಷ್ಟು ಸಣ್ಣ ಗೆರೆಯೊಂದು ಗುಡ್ಡದ ಏಣಿನ ಮೇಲೆ
ಇದ್ದ ಹಾಗಾಯಿತು.
ದಿಟ್ಟಿಸಿದರೆ ಇಲ್ಲ.

"ದನದ ಜಾಡು ನೀರಿಗೆ ಹೋಯ್ತದೆ,
ಕಡವೆ ಜಾಡು ಮರೆಗೆ.
ಮನುಷ್ಯಂದು ಮಾತ್ರ ಹೇಳಕ್ಕಾಗಲ್ಲ."

ಗೆರೆ ಕವಲೊಡೆದ ಕಡೆಯೆಲ್ಲ ಒಂದು ಹಿಡಿ ಹುಲ್ಲು ತಿರುಚಿ
ಗಂಟು ಹಾಕುತ್ತ ಹೋದ. ಏಳು ಗಂಟು.
ಇಳಿಯುವಾಗ ಬಿಚ್ಚಲೇಬೇಕಂತೆ,
ಬಿಟ್ಟ ಗಂಟು ಇನ್ನೊಬ್ಬನ ದಾರಿ ಕೆಡಿಸುತ್ತದಂತೆ.

ತುದಿಯಲ್ಲಿ ಏನಿತ್ತು? ಒಂದು ಬಂಡೆ, ಒಣಗಿದ ಹಿಕ್ಕೆ,
ನನ್ನ ಬುತ್ತಿಯ ತಣ್ಣನೆ ಚಿತ್ರಾನ್ನ.
ಆಮೇಲೆ ಮಂಜು ಬಂತು,
ಪಕ್ಕದಲ್ಲಿದ್ದವನ ಟೋಪಿಯನ್ನೂ ಒರೆಸಿ ಹಾಕಿತು.

ತಡಕುತ್ತ ಇಳಿದೆವು.
ಏಳು, ಆರು, ಐದು... ಅವನು ಬಿಚ್ಚುತ್ತ, ನಾನು ಎಣಿಸುತ್ತ.
ಎಲ್ಲ ಮುಗಿದ ಮೇಲೆ, ಈಚಲು ಪೊದೆಯ ಬದಿ,
ಇನ್ನೊಂದು.

ಬಗ್ಗಿದೆ. ಕೈ ಹಿಡಿದ.
"ನಂದಲ್ಲ.
ನಾನು ಎಡಕ್ಕೆ ತಿರುಚೋನು, ಇದು ಬಲಕ್ಕದೆ.
ಹುಲ್ಲಿನ್ನೂ ಹಸಿ."

ಮುಟ್ಟಲಿಲ್ಲ.
ಏಣಿನ ಕಡೆ ತಿರುಗಿ, ಬಾಯಿಗೆ ಕೈಯೊಡ್ಡಿ ಕೂಗಿದ,
ಹೆಸರು ಗೊತ್ತಿಲ್ಲದ್ದಕ್ಕೆ ಬರೀ "ಓ" ಎಂದು.

ಕೆಳಗೆ ಬಸ್ಸು ಎರಡನೇ ಸಲ ಹಾರನ್ ಹಾಕಿತು.
ಒದ್ದೆ ಹುಲ್ಲಿನ ಮೇಲೆ
ಇಬ್ಬರೂ ಕೂತೆವು.