ಫ್ರಿಜ್ಜಿನ ಮೇಲಿನ ನಕ್ಷೆ

ಸೊಹಾರಿನಲ್ಲಿ ಅಕ್ಟೋಬರ್. ಕೊನೆಗೂ ಕಿಟಕಿ ತೆರೆಯಬಹುದು.
ಕರೆಂಟು ಬಿಲ್ಲಿನ ಬೆನ್ನ ಮೇಲೆ ಅಂಗಳ ಬರೆದೆ:
ಉದ್ದ ಹನ್ನೊಂದು ಹೆಜ್ಜೆ, ಅಗಲ ಏಳು,
ಮೂಲೆಯಲ್ಲಿ ಮಾಲೀಕರ ಖರ್ಜೂರದ ಮರ, ಮುಟ್ಟುವಂತಿಲ್ಲ.

ಜೋಳದ ಪೊಟ್ಟಣ ಮೂರು. ಬಿಳಿ, ಹಳದಿ,
ಇನ್ನೊಂದು ಎರಡೂ ಬಣ್ಣದ್ದು, ಸೂಪರ್ ಸ್ವೀಟ್ ಅಂತೆ,
ಬೀಜ ಮಾತ್ರ ಒಣದ್ರಾಕ್ಷಿಗಿಂತ ಸುಕ್ಕು.
ಒಂದೊಂದಕ್ಕೆ ಒಂದೊಂದು ಸಾಲು ಎಳೆದು
ಫ್ರಿಜ್ಜಿಗೆ ಅಂಟಿಸಿ ಬಂದರಿನ ಬಸ್ಸು ಹತ್ತಿದೆ.

ಸಂಜೆ ಬಂದರೆ ಪೆನ್ಸಿಲ್ ಗುರುತು. ಸೆವ್ರಿನಾಳ ಕೈ,
ಜ್ವರದ ಚಾರ್ಟು ತುಂಬುವ ಅದೇ ಸಣ್ಣ ಅಕ್ಷರ:
‘ಸಾಲು ಬೇಡ, ಚೌಕ ಮಾಡು. ಜೋಳಕ್ಕೆ ಗಾಳಿಯೇ ದಲ್ಲಾಳಿ.
ಒಂಟಿ ಸಾಲಾದರೆ ತೆನೆ ಬೊಚ್ಚುಬಾಯಿ.’

ಸರಿ, ಚೌಕ. ಪೆನ್ನಿನಲ್ಲಿ ಕೇಳಿದೆ: ಮೂರೂ ಒಟ್ಟಿಗೆ?

‘ಬೇಡ. ಪರಾಗ ಬೆರೆತರೆ ಸಿಹಿ ಹೋಗಿ ಹಿಟ್ಟಾದೀತು.
ಸುಕ್ಕಿನದನ್ನು ಹದಿನೈದು ದಿನ ತಡೆದು ಬಿತ್ತು.
ಅವುಗಳ ಸೂಲಂಗಿ ಉದುರಿದ ಮೇಲೆ
ಇದು ಕೂದಲು ಬಿಡಲಿ.
ಒಂದೇ ಮಣ್ಣು, ಬೇರೆ ಪಾಳಿ.’

ಪಾಳಿ.
ಆ ಪದದ ಮೇಲೆ ಬೆರಳಿಟ್ಟು ನಿಂತೆ.
ಸಿಂಕಿನಲ್ಲಿ ಅವಳ ಚಹಾದ ಲೋಟ
ಇನ್ನೂ ಬೆಚ್ಚಗಿತ್ತು.

ಬರೆದೆ: ಬಿಳಿಯೂ ಹಳದಿಯೂ ಜೊತೆಗಿರಲಿ ಬಿಡು,
ಬಣ್ಣ ತಾನೇ ಕಲೆಯೋದು, ರುಚಿಯೇನೂ ಕೆಡದು.
ಶುಕ್ರವಾರ ನಿನಗೂ ರಜೆ ಸಿಕ್ಕರೆ
ಗುಣಿ ನಾನು ತೋಡುತ್ತೇನೆ, ಬೀಜ ನೀನು ಹಾಕು.

ಇವತ್ತು ಉತ್ತರವಿರಲಿಲ್ಲ.
ಖರ್ಜೂರದ ಮರದ ಬುಡದಲ್ಲಿ, ನಾನು ಖಾಲಿ ಬಿಟ್ಟಲ್ಲಿ,
ಪೆನ್ಸಿಲಿನಲ್ಲಿ
ಎರಡು ಕುರ್ಚಿ.