ದುಂಪರಾಸ್ಮಿ

ಸಂತೆಪೇಟೆಯಲ್ಲಿ ನಮ್ಮದು ಗ್ರಂಧಿಗೆ ಅಂಗಡಿ.
ಹಿಪ್ಪಲಿ, ಅಳಲೆ, ಜ್ಯೇಷ್ಠಮಧು, ಬಾಣಂತಿ ಖಾರದ ಪುಡಿ,
ತೀರ ಕೆಳಗಿನ ಸಾಲಲ್ಲಿ,
ಮಂಡಿಯೂರಿದರಷ್ಟೇ ಕೈಗೆ ಸಿಗುವ ಡಬ್ಬದಲ್ಲಿ
ದುಂಪರಾಸ್ಮಿ.
ಕೆಮ್ಮಿದ್ದವರು ಒಯ್ಯುತ್ತಾರೆ, ಹತ್ತು ಗ್ರಾಂ, ಇಪ್ಪತ್ತು ಗ್ರಾಂ.

ಆಷಾಢದ ಒಂದು ಮಧ್ಯಾಹ್ನ ಆಕೆ ಬಂದು
ಫೋನಿನಲ್ಲಿ ಚಿತ್ರ ತೋರಿಸಿ "ಖಾ" ಅಂದಳು.
ಖಾರವೇ ಎಂದೆ. ಅರ್ಧಕ್ಕೆ ನಿಂತ ಮಾತಿರಬೇಕೆಂದು ಕಾದೆ.
ಇಲ್ಲ, ಅವಳ ಭಾಷೆಯಲ್ಲಿ ಪದ ಅಲ್ಲಿಗೇ ಮುಗಿಯುತ್ತದಂತೆ.
ಎರಡು ಕೆಜಿ ಬೇಕಂತೆ.
ಯಾರಮ್ಮ ನಿಮ್ಮನೇಲಿ ಅಷ್ಟೊಂದು ಕೆಮ್ಮೋರು?

ಹೆಸರು ಸುಪತ್ರಾ. ಊರು ಥಾಯ್ಲೆಂಡಿನ ಯಾವುದೋ ಹೊಳೆದಂಡೆ.
ಲಲಿತಮಹಲ್ ರಸ್ತೆಯ ಹೊಸ ಹೋಟೆಲಿನಲ್ಲಿ
ಗಂಜಿ ಹಾಕಿದ ಬಿಳಿ ಕೋಟು ತೊಟ್ಟು
ಆರು ಗಂಡಾಳುಗಳ ಮೇಲೆ ಯಜಮಾನಿಕೆ.
ನನ್ನ ಒಣ ಬೇರನ್ನು ಮೂಗಿಗೆ ಹಿಡಿದು
ತಲೆಯಾಡಿಸಿದಳು,
ತೀರಿಕೊಂಡವರ ಪಟ ನೋಡುವ ಹಾಗೆ:
ಮುಖ ಅದೇ, ಮಾತಿಲ್ಲ.

ಬನ್ನೂರಿನ ನನ್ನ ಷಡ್ಡಕನ ಹಿತ್ತಲಲ್ಲಿ
ಬಚ್ಚಲ ನೀರು ಕುಡಿದು ಪೊದೆಯಾಗಿತ್ತು ಅದು.
ಹಾರೆಯಲ್ಲಿ ಮೀಟಿಸಿ ಬಸ್ಸಿಗೆ ಹಾಕಿಸಿದೆ, ಮಣ್ಣು ಸಮೇತ.
ಅವಳು ಲಟಕ್ಕನೆ ಮುರಿದಾಗ
ಪಕ್ಕದ ಕುಂಕುಮದಂಗಡಿಯವನು ಕತ್ತೆತ್ತಿ ನೋಡಿದ.
ಆಮೇಲೆ ಪ್ರತಿ ಗುರುವಾರ ಬಂದಳು.

ಮಜ್ಜಿಗೆ ಹುಲ್ಲು ಸಿಕ್ಕಿತು. ಸುಂಡೇಕಾಯಿ ಸಿಕ್ಕಿತು.
ನಮ್ಮ ಹೇರಳೆ ಎಲೆ ಹಿಸುಕಿ
"ಹತ್ತಿರ. ಆದ್ರೆ ಅಲ್ಲ" ಅಂದಳು.
ಅದು ಅವಳ ಬಾಯಿಂದ ನಾನು ಕೇಳಿದ ಮೊದಲ ಕನ್ನಡ.
ತಾಳೆಬೆಲ್ಲ ಮುಗಿದ ದಿನ
ಮಂಡ್ಯದ ಅಚ್ಚುಬೆಲ್ಲದ ಚೂರು ನಾಲಗೆಗಿಟ್ಟು
ಬಹಳ ಹೊತ್ತು ಸುಮ್ಮನೆ ನಿಂತು, ನಾಲ್ಕು ಅಚ್ಚು ಕಟ್ಟಿಸಿಕೊಂಡಳು.

ಮ್ಯಾನೇಜರು ಜೋಳದ ಹಿಟ್ಟು ಹಾಕು, ಕೆಂಪು ಬಣ್ಣ ಹಾಕು,
ಇಲ್ಲಿನವರಿಗೆ ಹಾಗಿದ್ದರೇ ಇಷ್ಟ ಅಂದನಂತೆ.
ಇವಳು ಸೌಟು ಕೆಳಗಿಟ್ಟು
ಹಿಂಬಾಗಿಲ ಹೊರಗೆ ನಿಂತುಬಿಟ್ಟಳಂತೆ,
ಒಳಗೆ ಹನ್ನೊಂದು ಮೇಜು ಕಾಯುತ್ತಿದ್ದರೂ.
ಇದು ಅಲ್ಲಿ ಪಾತ್ರೆ ತೊಳೆಯುವ ಕೆಂಪಾಜಮ್ಮ ಹೇಳಿದ್ದು,
ಅವಳ ಮಾತಲ್ಲಿ ಅರ್ಧ ಕಳೆಯಬೇಕು.
ಆದರೂ.

ಕಾರ್ತೀಕದಲ್ಲಿ ನಮ್ಮಿಬ್ಬರನ್ನೂ ಊಟಕ್ಕೆ ಕರೆದಳು.
ಮೊರದಗಲ ತಟ್ಟೆ, ನಡುವೆ ಮೂರೇ ತುತ್ತು.
ಪಟ್ಟಿಯ ಬೆಲೆ ನೋಡಿ ಲೋಲಾಕ್ಷಿ ನನ್ನ ತೊಡೆ ಚಿವುಟಿದಳು.
ಆಮೇಲೆ ಬಂತು ಕಪ್ಪು ಮಣ್ಣಿನ ಬಟ್ಟಲು,
ತೆಂಗಿನ ಹಾಲು, ಅಣಬೆ, ತೇಲುವ ಬಿಲ್ಲೆಗಳು.
ಮ್ಯಾನೇಜರಿಗೆ ಬಗ್ಗದವಳು ನಮಗೆಂದು
ಮೀನಿನ ನೀರು ಬಿಟ್ಟು ಬರೀ ಉಪ್ಪಲ್ಲಿ ಮಾಡಿದ್ದಳು.
"ರೀ, ಇದು ನಿಮ್ಮ ಅಂಗಿ ವಾಸನೆ" ಎಂದಳು ಲೋಲಾಕ್ಷಿ,
ಇನ್ನೊಂದು ಚಮಚ ತೆಗೆದುಕೊಂಡಳು.

ಅಕ್ಕಪಕ್ಕದವರು ಬಿಲ್ಲೆಗಳನ್ನು ಬಟ್ಟಲ ಅಂಚಿಗೆ ಸರಿಸುತ್ತಿದ್ದರು.
ನಾನು ಅಗಿದೆ.
ನಲವತ್ತು ವರ್ಷ ತೂಗಿದ್ದೇನೆ,
ಜ್ವರವಿಲ್ಲದ ಬಾಯಲ್ಲಿ ಒಮ್ಮೆಯೂ ಇಟ್ಟವನಲ್ಲ.
ನಾರು, ಉರಿ, ಮಣ್ಣು, ಬನ್ನೂರಿನ ಬಚ್ಚಲು,
ಅದರಾಚೆ, ಎಲ್ಲೋ, ನಾನು ಕಾಣದ ಹೊಳೆ.
ಅಡುಗೆಮನೆ ಬಾಗಿಲಲ್ಲಿ ನಿಂತು ಅವಳು
ತಿನ್ನಬೇಡಿ, ಬಿಡಿ ಎಂದು ಕೈಯಾಡಿಸುತ್ತಿದ್ದಳು.
ಕಾಣದವನ ಹಾಗೆ ಅಗಿಯುತ್ತಲೇ ಇದ್ದೆ.

ಬೆಳಿಗ್ಗೆ ಮುದುಕಿಯೊಬ್ಬಳು ಬಂದು ಹತ್ತು ಗ್ರಾಂ ಕೇಳಿದಳು.
ಕೆಮ್ಮಿಗೋ, ಊಟಕ್ಕೋ? ಎಂದೆ.
ದುರುಗುಟ್ಟಿ ನೋಡಿ
ಮೊದಲು ತೂಗಪ್ಪ ಅಂದಳು.