ಲೇಬಲ್ಲಿನ ಹಿಂಬದಿಗೆ

ಐವತ್ತು ವರ್ಷದ ಇತಿಹಾಸ
ನಲವತ್ತು ಶಬ್ದದಾಗ ಬರದು ಕೊಡ್ರಿ ಮಾಸ್ತರ್,
ಅಂದ ಮೊಮ್ಮಗ. ಬಾಟಲಿ ಬೆನ್ನಿಗೆ ಹಚ್ಚೂದು,
ಜಾಗಾ ಇಷ್ಟ, ಬೆರಳಿನಿಂದ ಅಳದು ತೋರಿಸಿದ.
ನಾನು ಕನ್ನಡ ಸಾಲಿಯೊಳಗ ಮೂವತ್ತು ವರ್ಷ
ಮಕ್ಕಳ ಉದ್ದುದ್ದ ಉತ್ತರ ತಿದ್ದಿದವ.
ದ್ರಾಕ್ಷಿ ಗೊತ್ತು, ಮಣೂಕ ಗೊತ್ತು,
ಆ ಮೂರನೇದು ಗೊತ್ತಿಲ್ಲ.

ತಿಕೋಟಾ ದಾಟಿ, ಅಥಣಿ ರಸ್ತೆ ಬಿಟ್ಟು ಎಡಕ್ಕ ಹೊಳ್ಳಿದರ
ಕರೀಕಲ್ಲಿನ ಬಾವಡಿ.
ಬಾದಶಾನ ಕಾಲದ್ದು ಅಂತಾರ,
ಯಾವ ಕಲ್ಲು ಕೇಳಿದರೂ ಹಂಗ ಅಂತಾರ ಇಲ್ಲಿ.
ಅರವತ್ತೆರಡು ಪಾವಟಿಗಿ.
ನೀರು ಯಾವಾಗೋ ಹೋತು, ತಂಪು ಹೋಗಲಿಲ್ಲ.

ಎಪ್ಪತ್ತೆರಡರಾಗ, ಅಡ್ಡಮಳಿಗೆ ಪಡದ ಹಣ್ಣೆಲ್ಲಾ ಒಡದು
ಮಣೂಕಕ್ಕೂ ಬ್ಯಾಡಾದಾಗ
ಗುರುಪಾದಪ್ಪ ಹೊನವಾಡ ನಾಕು ಹರಿವಿ ತುಂಬಿ
ಕೆಳಗ ಇಳಿಸಿಟ್ಟು ಮರತ.
ಮರತದ್ದು ತಾನಾಗಿ ಮಾತಾಡಿತು,
ಬುಡು ಬುಡು, ಬುಡು ಬುಡು.

ಕೊರಳಾಗ ಲಿಂಗ, ಬಾಯಾಗ ಒಂದು ಹನಿ ಬಿಡಂಗಿಲ್ಲ.
ಪೀಪಾಯಿ ಕಾಯಾಕ ಲಾಡ್ಲೆಸಾಬ,
ಅವನೂ ಮುಟ್ಟಂಗಿಲ್ಲ.
ಇಬ್ಬರೂ ಕಿವಿ ಹಚ್ಚಿ ಕೇಳತಿದ್ದರಂತ,
ಗಬ್ಬದ ಆಕಳ ಹೊಟ್ಟಿಗೆ ಹಚ್ಚಿದಂಗ.

ಕಚೇರಿ ಗ್ವಾಡಿ ಮ್ಯಾಲ ಒಂದು ಚಿತ್ರ,
ಹಡಗಿನ ಕಂಪನಿ ಕ್ಯಾಲೆಂಡರಿಂದ ಕತ್ತರಿಸಿದ್ದು:
ಕಮಾನಿನ ಬಾಗಿಲ ಮುಂದ ಮೀಸಿ ಮಂದಿ ಆರು,
ನಡುವ ಕುರ್ಚಿಯೊಳಗ ಕರೀ ಅರಿವಿ ಹೊದ್ದ ಮುದುಕಿ.
ಕೆಳಗಿನ ಅಕ್ಷರ ಯಾರಿಗೂ ಓದಾಕ ಬರಲಿಲ್ಲ.
ನನಗ ಎರಡು ಗುರುತು ಸಿಕ್ಕವು, ಪೈ, ಥೀಟಾ,
ಗಣಿತದ ಪುಸ್ತಕದಾಗಿನವು. ಗ್ರೀಸ ದೇಶದವರು ಅಂದೆ.
ಗುರುಪಾದಪ್ಪ ಮಾತ್ರ, ಯಾರಿವರು ಅಂತ ಕೇಳಿದವರಿಗೆಲ್ಲ
‘ನಮ್ಮ ಬೀಗರು’ ಅಂತಿದ್ದನಂತ.
ಅವರ ಬಾಗಿಲಿನಂಥಾ ಬಾಗಿಲು ನನಗೂ ಕಟ್ಟು ಅಂದಾಗ
ಗೌಂಡಿ ನಕ್ಕಿದ್ದ:
ಕಮಾನು ಕಲಿಯಾಕ ವಿಜಾಪುರದವರು
ಸಮುದ್ರ ದಾಟಬೇಕೇನ್ರಿ ಗೌಡ್ರ?

ರುಚಿ ನೋಡಾಕ ಒಬ್ಬರು ಬೇಕಲ್ಲ.
ದನದ ದವಾಖಾನಿ ಡಾಕ್ಟರ್ ಫುರ್ಟಾಡೋ, ಮಡಗಾವಿಯವರು,
ಗುರುವಾರ ಸಂಜಿಗೆ ಬಂದು, ಬಾಯಾಗ ಇಟಗೊಂಡು,
ಕಣ್ಣು ಮುಚ್ಚಿ, ಉಗುಳಿ,
‘ಇದಕ್ಕ ಇನ್ನೂ ಸಿಟ್ಟೈತಿ’ ಅಂತ ಹೇಳಿ ಹೋಗತಿದ್ದರು.
ಉಗುಳಿದ್ದಕ್ಕ ಗುರುಪಾದಪ್ಪನ ಹೊಟ್ಟಿ ಉರೀತಿತ್ತು.

ಡಾಕ್ಟರಿಗೆ ಔರಾದಕ್ಕ ವರ್ಗ ಆತು.
ಅಲ್ಲಿಂದ ಮುಂದ ಹದಿನೇಳು ವರ್ಷ
ರಜಿಸ್ಟರಿನಾಗ ‘ಪರೀಕ್ಷಿಸಿದವರ ಸಹಿ’ ಖಾಲಿ.
ಮಾಲು ಒಂದು ವರ್ಷವೂ ಕೆಟ್ಟಿಲ್ಲ.
ಗೋವಾದ ಲಾರಿ ಒಮ್ಮಿಯೂ ಹೊಳ್ಳಿಸಿಲ್ಲ.

ಲಾಡ್ಲೆಸಾಬಗ ಈಗ ಎಂಬತ್ತು.
ಬ್ಯಾಟರಿ ಹಿಡಕೊಂಡು ಕೆಳಗ ಕರಕೊಂಡು ಹ್ವಾದ.
ಪೀಪಾಯಿ ಪೀಪಾಯಿ ಹಣಿಗೆ ಸುಣ್ಣದ ಬೊಟ್ಟು.
‘ಭೌರಕ್ಕಾರು ಹಚ್ಚಿದ್ದ್ರಿ. ಆಳುಮಕ್ಕಳು ಪೂಜಿ ಅಂತ ತಿಳದಿದ್ದರು.
ಅಮಾಸಿಗೊಮ್ಮೆ ದೀಪ ಹಿಡಕೊಂಡು ಒಬ್ಬರ ಇಳೀತಿದ್ರು.
ಕಿರುಬೆರಳು ಎದ್ದಿ, ಸಾರಿನ ಉಪ್ಪು ನೋಡಿದಂಗ
ನಾಲಿಗಿ ತುದಿಗೆ. ಸೆರಗಿಗೆ ವರಸಿ, ಆಮ್ಯಾಲ ಬೊಟ್ಟು.
ಮೂರು ಅಂದ್ರ ಸಿರ್ಕಾಕ್ಕ ಹಾಕ್ರಿ.
ಎರಡು, ತಗೀರಿ.
ಒಂದು, ತಡೀರಿ.’

ಯಜಮಾನರಿಗೆ ಗೊತ್ತಿತ್ತೇನು?
ಬ್ಯಾಟರಿ ಆರಿಸಿದ. ಕತ್ತಲಾಗ ಹೇಳಿದ:
‘ಸುಣ್ಣಾ ತಂದು ಕೊಡತಿದ್ದವರು ಯಾರು ಮತ್ತ?’

ನಲವತ್ತು ಶಬ್ದ ಬರದೆ. ಮೊಮ್ಮಗ ಓದಿ
ಹನ್ನೊಂದು ಹೊಡದು ಹಾಕಿದ, ಅಜ್ಜಿಯವನ್ನ.
ಅದು ಮನಿ ಮಾತು ಮಾಸ್ತರ್, ಮಂದಿ ಕುಡಿಯೂದು.
ಉಳಿದ ಜಾಗಾಕ್ಕ ಕಮಾನಿನ ಚಿತ್ರ ಬಂತು.

ಕಡೀ ಪಾವಟಿಗಿ ಹತ್ತರ ಒಂದು ಪೀಪಾಯಿ ಐತಿ,
ಒಂಟಿ ಬೊಟ್ಟಿಂದು.
ಇಟ್ಟಾಕಿ ಹೋಗಿ ಎಂಟು ವರ್ಷ.
ಲಾಡ್ಲೆಸಾಬ ಯಾರನ್ನೂ ಮುಟ್ಟಗೊಡಂಗಿಲ್ಲ,
ಎರಡನೇದು ಇನ್ನೂ ಬಿದ್ದಿಲ್ಲಲ್ರಿ, ಅಂತಾನ.
ಅಂವ ಮ್ಯಾಲ ಹತ್ತಾಕ ಹತ್ತಿದಾಗ
ನಾ ಹಿಂದ ಉಳದು ಒಮ್ಮಿ ಬಗ್ಗಿ ಕೇಳಿದೆ.
ಏನೂ ಕೇಳಲಿಲ್ಲ.
ಕಿವಿಗೆ ಸುಣ್ಣ ಹತ್ತಿತು.